ಕಣ್ಣು ಮುಚ್ಚಿ ಕೇಳುವ ಭೀಮಶಾ ಕಾಕಾ

ನಮ್ಮ ಭೀಮಶಾ ಕಾಕಾನ ಎದುರು ನಿಂತು ಯಾರಾದರೂ ಮನಸ್ಸಿನ ಮಾತು ತೆಗೆದರೆ ಸಾಕು, ಆತ ಕಣ್ಣು ಮುಚ್ಚಿಬಿಡುತ್ತಾನೆ. ಹೊಸಬರು, ಈ ಮನುಷ್ಯನಿಗೆ ನಿದ್ದೆ ಬಂತೋ, ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲವೋ ಎಂದು ಮುನಿಸಿಕೊಳ್ಳುವುದುಂಟು. ಬೀಗತನದ ಮಾತಿಗೆ ಬಂದ ಹಿರಿಯರೊಬ್ಬರು ಅರ್ಧ ಚಹಾ ಬಿಟ್ಟು ಎದ್ದೇ ಹೋಗಿದ್ದರು. "ಹೋಗ್ಲಿ ಬಿಡು, ಅವರ ಮಾತಿನ್ಯಾಗ ಬೆಸುಗಿ ಕೂತಿದ್ದಿಲ್ಲ" ಎಂದು ಕಾಕಾ ತನ್ನ ಚಹಾ ನಿಧಾನಕ್ಕೆ ಮುಗಿಸಿದ.

ಈ ವಿಚಿತ್ರ ಅಭ್ಯಾಸ ಬಂದದ್ದು ಕಸುಬಿನಿಂದ. ಕಮಲಾಪುರದ ಬಸ್ ನಿಲ್ದಾಣದ ಹಿಂದೆ ಆತನದೊಂದು ವೆಲ್ಡಿಂಗ್ ಅಂಗಡಿ ಇತ್ತು. ನಮ್ಮ ಕಡೆಯ ಬಿಸಿಲಿನ ಪ್ರತಾಪ ಗೊತ್ತಿದ್ದೂ ಆತ ದಪ್ಪ ಖಾಕಿ ಕೋಟು ಬಿಚ್ಚುತ್ತಿರಲಿಲ್ಲ. ಕಿಡಿ ಹಾರಿ ತೂತುಬಿದ್ದ ಆ ಕೋಟು ಜರಡಿಯಂತಾಗಿತ್ತು. ಕಬ್ಬಿಣ ಬೆಸೆಯುವಾಗ ಸಪ್ಪಳ ಕಾದ ಎಣ್ಣೆಗೆ ಮಿರ್ಚಿ ಭಜಿ ಬಿಟ್ಟಂತೆ ಒಂದೇ ಸಮ ಬರಬೇಕು, ನಡುನಡುವೆ ಚಟಚಟ ಒಡೆದರೆ ಬೆಸುಗೆ ಕೂತಿಲ್ಲವೆಂದೇ ಅರ್ಥ. ಹೀಗಾಗಿ, ಕಲಿಯುವವರು ಬೆಸೆಯುವಾಗ ಕಾಕಾ ಪಕ್ಕದಲ್ಲಿ ಕಣ್ಣು ಮುಚ್ಚಿ ಸಪ್ಪಳ ಕೇಳುತ್ತ ಕೂರುತ್ತಿದ್ದ; ಬರಬರುತ್ತ ಮನುಷ್ಯರ ಮಾತನ್ನೂ ಹಾಗೇ ಕೇಳತೊಡಗಿದ.

ರಜೆಯಲ್ಲೆಲ್ಲ ನಾನು ಅಲ್ಲೇ ಕೆಲಸ ಕಲಿತವನು. ನನ್ನ ಅಪ್ಪ, ಅಂದರೆ ಕಾಕಾನ ಅಣ್ಣ, ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ. ನನ್ನ ಪದವಿ ಮುಗಿದ ವರ್ಷವೇ ಅಪ್ಪನ ಬೆನ್ನು ಸೋತಿತು, ಕಾಕಾನ ದೃಷ್ಟಿಯೂ ಮಂಜಾಗತೊಡಗಿತು. ನನಗೆ ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು; ಆದರೆ ಮನೆಗೆ ದುಡಿಯುವವನು ಬೇಕಿತ್ತು, ಅಂಗಡಿಗೆ ನಾನೇ ದಿಕ್ಕು ಎಂದು ಎಲ್ಲರೂ ನಂಬಿದ್ದರು. ಮಹಾ ತ್ಯಾಗಿಯ ಗತ್ತಿನಲ್ಲಿ ಕಲಬುರಗಿಯ ಬ್ರಹ್ಮಪುರದಲ್ಲಿದ್ದ ನಮ್ಮ ಬಾಡಿಗೆ ಮನೆಯಿಂದ ಹೊರಟು ಕಮಲಾಪುರದ ಬಸ್ಸು ಹತ್ತಿದೆ.

"ಕಾಕಾ, ಓದೂದು ಸಾಕು ಮಾಡೀನಿ. ಅಂಗಡ್ಯಾಗೇ ಇರ್ತೀನಿ."

ಕಾಕಾ ಕಣ್ಣು ಮುಚ್ಚಿದ. "ಮತ್ತೊಮ್ಮಿ ಹೇಳು."

ಹೇಳಿದೆ.

"ಸಪ್ಪಳ ಒಡ್ಯಾಕತ್ತದ. ವಕೀಲ ಆಗ್ತೀನಿ ಅಂತ ಹೇಳಿ ನೋಡು."

ಅದನ್ನೂ ಹೇಳಿದೆ. ಈ ಸಲ ಮಾತು ಒಡೆಯಲಿಲ್ಲ. "ಹೋಗು ಮತ್ತ, ಇಲ್ಲೇನು ನಿಂತಿ? ಮನಿ ಚಿಂತಿ ನನಗ ಬಿಡು" ಎಂದು, ಅಷ್ಟು ವರ್ಷ ತಾನೇ ಪಳಗಿಸಿದ್ದ ಕೈಯನ್ನು ಕಾಕಾ ಬಿಟ್ಟುಕೊಟ್ಟ.

ಅವನ ನಿಜವಾದ ಪರೀಕ್ಷೆ ಬಂದದ್ದು ಆಮೇಲೆ. ಮಗಳು ಭಾಗ್ಯಜ್ಯೋತಿ ನರ್ಸ್ ಆಗುತ್ತಾಳೆಂದು ಆತ ಊರೆಲ್ಲ ಸಾರಿಕೊಂಡು ಬಂದಿದ್ದ. ಪಿಯುಸಿ ಮುಗಿಸಿದ ಆಕೆ ಒಂದು ಬೆಳಿಗ್ಗೆ, ನಾನೂ ಅಲ್ಲೇ ಇದ್ದಾಗ, ಅಂಗಡಿಯ ಬಾಗಿಲಿಗೆ ಅಡ್ಡ ನಿಂತಳು.

"ಅಪ್ಪಾ, ನಾ ನರ್ಸ್ ಆಗಂಗಿಲ್ಲ. ಈ ಕಸಬೇ ಮಾಡ್ತೀನಿ."

ಕಾಕಾ ಕಣ್ಣು ಮುಚ್ಚಲಿಲ್ಲ, ಕೆಕ್ಕರಿಸಿ ನೋಡಿದ. "ಹುಚ್ಚಿ! ನನ್ನ ಕೈ ಸುಟ್ಟದ್ದು ಸಾಲದೇನು, ನಿಂದೂ ಸುಡಬೇಕಾ?"

ಆಕೆ ನನ್ನತ್ತ ಬೊಟ್ಟು ಮಾಡಿದಳು. "ಅಣ್ಣಂದು ಕಣ್ಣು ಮುಚ್ಚಿ ಕೇಳಿದಿ. ನಂದ್ಯಾಕ ಕೇಳಂಗಿಲ್ಲ?"

ಕಾಕಾ ಸೋತು ಕಣ್ಣು ಮುಚ್ಚಿದ. ಆಕೆ ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದಳು. ಆತನ ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರಿಳಿಯಿತು. ಕೊನೆಗೆ ಎದ್ದು ಕೋಟು ಬಿಚ್ಚಿ ಮಗಳ ಕೈಗಿಟ್ಟ. "ತೋಳು ಉದ್ದ ಆಗ್ತಾವ, ಮಡಚಿಕೋ" ಎಂದ.

ಈಗ ಆ ಅಂಗಡಿ ಭಾಗ್ಯಜ್ಯೋತಿಯದು. ಕಲಬುರಗಿಯ ನನ್ನ ವಕೀಲಿ ಕಚೇರಿಯ ಕಿಟಕಿಗೆ ಕಬ್ಬಿಣದ ಜಾಳಿಗೆ ಕೂಡಿಸಿದವಳೂ ಆಕೆಯೇ. ಕಕ್ಷಿದಾರರು ಗೋಳು ಹೇಳಿಕೊಳ್ಳುವಾಗ ನನ್ನ ಕಣ್ಣು ತಾನಾಗಿ ಮುಚ್ಚುತ್ತದೆ, ಕೆಲವರು ಸಿಟ್ಟಾಗುತ್ತಾರೆ, ಆಗಲಿ. ಕಾಕಾನ ಋಣ ನಾನು ತೀರಿಸಲಾರೆ, ತೀರಿಸುವ ಆಸೆಯೂ ನನಗಿಲ್ಲ. ಮಕ್ಕಳಿಗೆ ದಾರಿ ತೋರಿಸುವ ಹಿರಿಯರು ಓಣಿಗೊಬ್ಬರು ಸಿಗುತ್ತಾರೆ; ತಮ್ಮ ಆಸೆ ಮುರಿದುಬೀಳುತ್ತದೆಂದು ಗೊತ್ತಿದ್ದೂ ಮಕ್ಕಳ ದನಿಗೆ ಕಿವಿಗೊಡುವವರು ವಿರಳ. ಅಂಥವರೊಬ್ಬರು ಮನೆಯಲ್ಲಿದ್ದರೆ, ಆ ಮನೆಯ ಮಕ್ಕಳು ತಮ್ಮ ಮಾತನ್ನು ಮೊದಲು ತಾವೇ ಕೇಳಿಸಿಕೊಳ್ಳುವುದನ್ನು ಕಲಿಯುತ್ತಾರೆ.