ಮಾತ್ರೆಗೆ ಸಂಕಷ್ಟಿ ಇಲ್ಲ

2017ರ ನವೆಂಬರ್ 7, ಮಂಗಳವಾರ, ಮಧ್ಯಾಹ್ನ 1 ಗಂಟೆ 40 ನಿಮಿಷ. ಉಪ್ಪುಂದದ ಕಡಲ ದಾರಿಯಲ್ಲಿರುವ ಐಸ್ ಪ್ಲಾಂಟಿನೊಳಗೆ ಯೋಗೀಶ್ ಸೈಕಲ್ ತಂದು ನಿಲ್ಲಿಸಿದಾಗ, ಮುತ್ತ ಕುಡಿಯುವ ನೀರಿನ ಹಂಡೆಯ ಪಕ್ಕದ ಖಾಲಿ ಗೂಡನ್ನೇ ನೋಡುತ್ತ ನಿಂತಿದ್ದ.

"ಎಂತ ಕಾಂತೆ, ಮುತ್ತಣ್ಣ?"

"ಬೆಲ್ಲ ಇದ್ದ ಜಾಗ್ದಗೆ ಇರುವಿ ಇನ್ನೂ ಬತ್ತ್ ಮಾರಾಯ. ಶುಗರ್ ಬತ್ತ್ ಅಂದೇಳಿ ಅವಕ್ಕೆ ನೀ ಹೇಳ್ಲಿಲ್ಯಾ?"

ಆ ಗೂಡಿನಲ್ಲಿ ಬಹಳ ವರ್ಷ ಒಂದು ಬೆಲ್ಲದ ಡಬ್ಬಿ ಇತ್ತು. ಲಾರಿಯವರು, ದೋಣಿಯವರು, ಯಾರೇ ದಣಿದು ಬಂದರೂ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಮನೆಯ ಮರ್ಯಾದೆ ಹಾಗೆಯೇ ಕೆಲಸದ ಜಾಗಕ್ಕೂ ಬಂದಿತ್ತು. ಡಬ್ಬಿಯನ್ನು ಎತ್ತಿಸಿದವನು ಯೋಗೀಶ್. ಅದರ ಜೊತೆಗೆ ಚಹಾದ ಸಕ್ಕರೆಯೂ ಹೋಯಿತು, ಸಂಜೆಯ ಬನ್ಸೂ ಹೋಯಿತು. ಈಗ ಅಲ್ಲಿ ಸಿಗುತ್ತಿದ್ದದ್ದು ನೆನೆಸಿದ ಹೆಸರುಕಾಳು, ಮುಳ್ಳುಸೌತೆಯ ಹೋಳು, ಕಪ್ಪು ಚಹಾ.

ಯೋಗೀಶ್ ಕಂಪ್ರೆಸರ್ ಆಪರೇಟರ್. ವಾರಕ್ಕೊಂದು ಪಾಳಿ: ಬೆಳಗು, ಮಧ್ಯಾಹ್ನ, ರಾತ್ರಿ. ಹದಿನೆಂಟು ವರ್ಷ ಅವನ ಹೊಟ್ಟೆಗೆ ಹಗಲು ಯಾವುದು ರಾತ್ರಿ ಯಾವುದು ಎಂದು ತಿಳಿಯದೆ ಕಳೆದುಹೋಗಿತ್ತು. ನಿದ್ದೆ ಬರಬಾರದೆಂದು ಗಂಟೆಗೊಂದು ಸಿಹಿ ಚಹಾ, ನಸುಕಿಗೆ ತಣ್ಣಗಾದ ಪರೋಟ. ಎರಡು ವರ್ಷದ ಹಿಂದೆ ಕಾಲು ಜೋಮು ಹಿಡಿಯಿತೆಂದು ರಕ್ತ ತೋರಿಸಿದರೆ ಸಕ್ಕರೆ ಮುನ್ನೂರ ಹನ್ನೆರಡು. ಇದೇ ಕಾಯಿಲೆಯಲ್ಲಿ ಪಾದ ಕಳೆದುಕೊಂಡು ಸತ್ತ ಅಪ್ಪ ಅವನ ಕಣ್ಣ ಮುಂದೆ ಬಂದ. ಅಂದಿನಿಂದ ಪಾಳಿ ಯಾವುದಿರಲಿ, ಕೆಲಸಕ್ಕೆ ಮೊದಲು ಮರಳ ಮೇಲೆ ಬಿರುಸು ನಡಿಗೆ, ಅಳೆದ ಊಟ, ಗಡಿಯಾರ ನೋಡಿ ಮಾತ್ರೆ. ಅಂಕಿ ಇಳಿಯುತ್ತ ಇಳಿಯುತ್ತ ನೂರ ಹದಿನೆಂಟಕ್ಕೆ ಬಂದು ನಿಂತಿತು.

ಗೆದ್ದವನಿಗೆ ಸುಮ್ಮನಿರುವುದು ಕಷ್ಟ. ಯೋಗೀಶ್ ಒಂದು ಗ್ಲೂಕೋಮೀಟರ್ ಕೊಂಡು ತಂದ. ಪಾಳಿಯವರ ಬೆರಳುಗಳನ್ನೆಲ್ಲ ಚುಚ್ಚಿದ. ಮಂಜುಗಡ್ಡೆ ಎಳೆಯುವ ಮುತ್ತನಿಗೆ ಐವತ್ಮೂರು ವರ್ಷ. ಅವನ ಕಾಯಿಲೆ ಹೊರಬಿದ್ದದ್ದೂ ಆ ಮೀಟರಿನಿಂದಲೇ. ನಾಲ್ಕು ತಿಂಗಳ ಹಿಂದೆ ಅದು ಇನ್ನೂರ ಎಂಬತ್ತಾರು ತೋರಿಸಿತ್ತು. ಬೈಂದೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಉಳಿದ ಪಾಠವನ್ನೆಲ್ಲ ಯೋಗೀಶನೇ ಹೇಳಿಕೊಟ್ಟ.

"ನಿನ್ ನಂಬ್ರ ನೂರ ಹದಿನೆಂಟಲ್ದಾ? ಕಾಣ್, ಅದಕ್ಕಿಂತ ಕಮ್ಮಿ ಮಾಡಿ ತೋರ್ಸ್‌ದಿದ್ರೆ ನಾ ಮುತ್ತ ಅಲ್ಲ," ಎಂದು ಮುತ್ತ ಪಂಥ ಕಟ್ಟಿದ್ದ.

"ಕಮ್ಮಿ ಆದಷ್ಟೂ ಒಳ್ಳೇದೇ," ಎಂದಿದ್ದ ಯೋಗೀಶ್. ಅವನು ಹಾಗೆಂದೇ ನಂಬಿದ್ದ. ಅವನ ಮಟ್ಟಿಗೆ ಆ ಅಂಕಿಗೆ ಇದ್ದದ್ದು ಒಂದೇ ಅಪಾಯ, ಅದು ಏರುವುದು.

ಅಂದು ಅಂಗಾರಕ ಸಂಕಷ್ಟಿ. ಉಳಿದ ಚೌತಿಗಳನ್ನು ಬಿಟ್ಟರೂ ಮಂಗಳವಾರ ಬರುವ ಈ ಚೌತಿಯನ್ನು ಮುತ್ತ ಬಿಡುವವನಲ್ಲ. ಚಂದ್ರ ಕಾಣುವ ತನಕ ಬರೀ ನೀರು. ಬೆಳಗಿನ ಮೊದಲ ಬಸ್ಸಿಗೆ ಕುಂಭಾಶಿಗೆ ಹೋಗಿ, ಆನೆಗುಡ್ಡೆಯ ಗಣಪತಿ ಗುಡಿಯಲ್ಲಿ ಸಾಲು ನಿಂತು, ಮರಳಿ ಬಂದು, ನಡಿಗೆ ತಪ್ಪಿಸಿದರೆ ಯೋಗೀಶ್ ಬಯ್ಯುತ್ತಾನೆಂದು ಬಿಸಿಲಲ್ಲೇ ಮರಳು ತುಳಿದು ಪಾಳಿಗೆ ಬಂದಿದ್ದ.

ಸಂಜೆ ದೀಪ ಹಾಕುವ ಹೊತ್ತಿಗೆ ಮುತ್ತ ಮಾತ್ರೆಯ ಪಟ್ಟಿ ಹಿಡಿದುಕೊಂಡು ಯಂತ್ರದ ಕೋಣೆಗೆ ಬಂದ.

"ಹ್ವಾಯ್ ಯೋಗೀಶ, ಇವತ್ತ್ ಚಂದ್ರ ಬಪ್ಪುದ್ ಒಂಬತ್ತರ ಹತ್ರ ಅಂಬ್ರ್. ಉಂಬುದ್ ಅದ್ರ ಮೇಲೆ. ಈ ಮಾತ್ರೆ ಈಗ್ಳೇ ತಕಂಬುದಾ, ಮತ್ತೆಯಾ? ಡಾಕ್ಟ್ರ್ ಎಂತದೋ ಹೇಳಿದ್ರ್. ಪದ್ದುಗೆ ಗೊತ್ತಿತ್ತ್, ನಂಗೆ ಮರ್ತ್ ಹೋಯ್ತ್."

ಪದ್ದು ಅವನ ಹೆಂಡತಿ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಯೋಗೀಶ್ ಒತ್ತಡದ ಮಾಪಕದಿಂದ ಕಣ್ಣು ತೆಗೆಯಲಿಲ್ಲ.

"ದಿನಾ ಎಷ್ಟ್ ಹೊತ್ತಿಗೆ ತಕಂತೆ?"

"ಈ ಪಾಳಿಗಾರೆ ಏಳಕ್ಕೆ. ತಕಂಡ್ ಅರ್ಧ ಗಂಟೆಗೆ ಉಂತೆ."

"ಹಂಗಾರೆ ಏಳಕ್ಕೇ ತಕೋ. ಉಪವಾಸ ಇಪ್ಪುದ್ ಹೊಟ್ಟೆಗೆ. ಮಾತ್ರೆಗೆ ಸಂಕಷ್ಟಿ ಇಲ್ಲೆ."

ಬಾಗಿಲಲ್ಲಿ ನಿಂತಿದ್ದ ಗಡ್ಡೆ ಎಳೆಯುವ ಇನ್ನೊಬ್ಬ ಆಳು ಕಿಟ್ಟ ನಕ್ಕ. ಮಾತು ಯೋಗೀಶನಿಗೂ ಹಿಡಿಸಿತು. ನಾಳೆ ಬೇರೆ ಪಾಳಿಯವರಿಗೂ ಹೇಳಬೇಕು ಎಂದುಕೊಂಡ. ಮುತ್ತ ಮಾತ್ರೆಯನ್ನು ಬಾಯಿಗೆ ಹಾಕಿ, ಗೂಡಿನ ಪಕ್ಕದ ಹಂಡೆಯಿಂದ ನೀರು ಕುಡಿದ.

ಆಮೇಲೆ ಲಾರಿಗಳು ಒಂದರ ಹಿಂದೆ ಒಂದು ಬಂದವು. ಉಪ್ಪುನೀರಿನ ತೊಟ್ಟಿಯಿಂದ ಮಂಜುಗಡ್ಡೆಯ ಅಚ್ಚುಗಳು ಮೇಲೇರಿದವು. ಆಳಿನ ತೂಕಕ್ಕೆ ಎರಡರಷ್ಟಿರುವ ಗಡ್ಡೆಗಳನ್ನು ಮುತ್ತ ಮತ್ತು ಕಿಟ್ಟ ಕೊಕ್ಕೆ ಹಾಕಿ, ಜಾರುವ ನೆಲದ ಮೇಲೆ ಎಳೆದು, ಪುಡಿ ಮಾಡುವ ಯಂತ್ರದ ಬಾಯಿಗೆ ತಳ್ಳಿದರು. ಎಂಟು ದಾಟಿರಬೇಕು, ಮುತ್ತ ನಡುವೆಯೇ ನಿಂತುಬಿಟ್ಟ. ಗಡ್ಡೆಯ ಬದಲು ನೆಲಕ್ಕೆ ಕೊಕ್ಕೆ ಹೊಡೆದ. ಮತ್ತೊಮ್ಮೆ ಹೊಡೆದ.

"ಬಾಗ್ಲ್ ಇಲ್ಲಿಂದ ಯಾರ್ ತೆಗ್ದದ್?" ಎಂದು ಕಿಟ್ಟನ ಮೇಲೆ ರೇಗಿದ. ನಾಲಿಗೆ ತೊದಲುತ್ತಿತ್ತು.

ಕಿಟ್ಟ ಯಂತ್ರದ ಕೋಣೆಗೆ ಬಂದು ದನಿ ತಗ್ಗಿಸಿದ. "ಹಾಕಂಡ್ ಬಂದಿದ, ಕಾಣಿ. ಗಣಪತಿ ದಿನವೇ."

ಮುತ್ತ ಕುಡಿತ ಬಿಟ್ಟು ಮೂರು ವರ್ಷವಾಗಿತ್ತು. ಬಿಡುವ ಮೊದಲು ಅವನು ಹೀಗೆಯೇ ಆಡುತ್ತಿದ್ದ, ಎಲ್ಲರೂ ಕಂಡದ್ದೇ. ಯೋಗೀಶ್ ಹೊರಗೆ ಬಂದಾಗ ಮುತ್ತನ ಅಂಗಿ ಬೆನ್ನಿಗೆ ಅಂಟಿತ್ತು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಸುತ್ತ ಮಂಜುಗಡ್ಡೆ, ಉಸಿರು ಹೊಗೆಯಾಗುವ ಚಳಿ. ಯೋಗೀಶ್ ಹತ್ತಿರ ಬಗ್ಗಿದ. ಹೆಂಡದ ವಾಸನೆ ಇರಲಿಲ್ಲ. ಅದನ್ನು ಗಮನಿಸಿದ, ಗಮನಿಸಿಯೂ, ಈ ಅಮೋನಿಯಾದ ಘಾಟಿನಲ್ಲಿ ಯಾವ ವಾಸನೆ ತಿಳಿದೀತು ಎಂದುಕೊಂಡ.

"ಒಂಚೂರ್ ಬೆಲ್ಲ ಕೊಡ್ ಮಾರಾಯ," ಎಂದ ಮುತ್ತ. ಅವನ ಕಣ್ಣು ಖಾಲಿ ಗೂಡಿನ ಮೇಲಿತ್ತು. "ಒಂದೇ ತುಂಡ್."

"ಕುಡ್ದದ್ದಲ್ದೆ ಬೆಲ್ಲ ಬೇಕಂಬ್ರ್ ಇವ್ರಿಗೆ," ಎಂದ ಯೋಗೀಶ್. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ಅವಮಾನವಾಗಿತ್ತು. ನಾಲ್ಕು ತಿಂಗಳು ತಿದ್ದಿದ ಆಳು ಕಣ್ಣೆದುರೇ ಕೆಟ್ಟು ನಿಂತಿದ್ದ. "ಕಿಟ್ಟ, ಕರ್ಕಂಡ್ ಹೋಯಿ ಹೊಟ್ಟಿನ ಕೋಣ್ಯಗೆ ಮನ್ಸ್. ಇಳಿಲಿ."

ಗಡ್ಡೆ ಮುಚ್ಚುವ ಭತ್ತದ ಹೊಟ್ಟಿನ ಚೀಲಗಳ ಮೇಲೆ ಮುತ್ತನನ್ನು ಮಲಗಿಸಿ ಕಿಟ್ಟ ಬಾಗಿಲು ಎಳೆದುಕೊಂಡು ಬಂದ. ಕಂಪ್ರೆಸರ್ ಒಂದೇ ಸಮನೆ ಮಿಡಿಯುತ್ತಿತ್ತು. ಉಪ್ಪುನೀರಿನ ಉಷ್ಣತೆ ಮೈನಸ್ ಒಂಬತ್ತರಲ್ಲಿ ನಿಂತಿತ್ತು. ಯೋಗೀಶ್ ಎಲ್ಲ ಮಾಪಕಗಳನ್ನೂ ನೋಡಿದ, ಎಲ್ಲವೂ ಸರಿಯಾಗಿದ್ದವು.

ಪೂರ್ವದ ತೆಂಗಿನ ಗರಿಗಳ ಹಿಂದೆ ಚಂದ್ರ ಕೆಂಪಗೆ ಕಾಣಿಸಿಕೊಂಡಾಗ, ಬೆಂಚಿನ ಮೇಲಿದ್ದ ಮುತ್ತನ ಫೋನ್ ಬಡಿದುಕೊಂಡಿತು. ಎರಡನೆಯ ಸಲಕ್ಕೆ ಯೋಗೀಶ್ ಎತ್ತಿದ. ಪದ್ದು.

"ಚಂದ್ರ ಬಂದ. ಇವ್ರ್ ಉಂಡ್ರಾ?"

"ಇಲ್ಲೆ. ಮನಿಕಂಡಿದ್ರ್." ಕುಡಿದ ಸುದ್ದಿಯನ್ನು ಹೇಗೆ ಹೇಳುವುದೆಂದು ಅವನಿಗೆ ತೋಚಲಿಲ್ಲ.

"ಹಂಗಾರೆ ಏಳ್ಸಿ, ಯೋಗೀಶಣ್ಣ. ಡಬ್ಬಿಯಗೆ ಕಡ್ಬ್ ಇತ್ತ್. ನೀವ್ ಹೇಳ್ದಂಗೆ ಬೆಲ್ಲ ಹಾಕ್ಲಿಲ್ಲೆ. ಮತ್ತೆ ಆ ಮಾತ್ರೆ ಈಗ ತಕಣ್ಲಿ. ಉಂಬುಕೆ ಮುಂದಿದ್ರೆ ಮಾತ್ರ ತಕಂಬುದ್, ಉಣ್ದೆ ತಕಂಡ್ರೆ ಮೈಯಗಿದ್ದ್ ಸಕ್ಕರೆ ಪೂರಾ ಇಳ್ದ್ ತಲೆ ತಿರ್ಗಿ ಬೀಳ್ತ್ರ್ ಅಂದಿರ್ ಡಾಕ್ಟ್ರ್. ಇವ್ರಿಗೆ ಅದ್ ನೆನ್ಪ್ ಇರುದಿಲ್ಲೆ."

ಯೋಗೀಶ್ ಹೊಟ್ಟಿನ ಕೋಣೆಗೆ ಓಡಿದ. ಫೋನ್ ಬೆಂಚಿನ ಮೇಲೆ ಹಾಗೆಯೇ ಉಳಿಯಿತು. ಅದರೊಳಗೆ ಪದ್ದು ಹಲೋ ಹಲೋ ಎನ್ನುತ್ತಿದ್ದಳು.

ಹೊಟ್ಟಿನ ಕೋಣೆಯಲ್ಲಿ ಮುತ್ತ ಒಂದು ಮಗ್ಗುಲಾಗಿ ಬಿದ್ದಿದ್ದ. ಬೆವರಿಗೆ ಮೈಗೆಲ್ಲ ಹೊಟ್ಟು ಮೆತ್ತಿಕೊಂಡಿತ್ತು. ಉಸಿರು ಗೊರಗುಡುತ್ತಿತ್ತು. ಹೆಸರು ಕರೆದರೆ ಇಲ್ಲ, ಕೆನ್ನೆಗೆ ತಟ್ಟಿದರೆ ಇಲ್ಲ.

"ಕಿಟ್ಟ, ನೂರ ಎಂಟಕ್ಕೆ ಫೋನ್ ಮಾಡ್. ಬೆಲ್ಲ ತಾ."

"ಬೆಲ್ಲ ಎಲ್ಲಿತ್ತ್?" ಎಂದ ಕಿಟ್ಟ.

ಯೋಗೀಶ್ ಆದರೂ ಹುಡುಕಿದ. ಚಹಾದ ಕಪಾಟಿನಲ್ಲಿ ಹುಡಿ ಮಾತ್ರ. ಊಟದ ಡಬ್ಬಿಗಳಲ್ಲಿ ಸೌತೆ, ಹೆಸರುಕಾಳು, ಸಪ್ಪೆ ಕಡುಬು. ಗೋಡೆಯ ಉದ್ದಕ್ಕೂ ಉಪ್ಪಿನ ಮೂಟೆಗಳು. ಒಂದು ಚಿಟಿಕೆ ಸಿಹಿ ಇಡೀ ಪ್ಲಾಂಟಿನಲ್ಲಿ ಇರಲಿಲ್ಲ. ಅದಕ್ಕಾಗಿ ಅವನು ಎರಡು ವರ್ಷ ದುಡಿದಿದ್ದ.

ಕಿಟ್ಟ ಬೈಕ್ ಹತ್ತಿ ಹೆದ್ದಾರಿಯ ಅಂಗಡಿಗೆ ಹೋದ. ಯೋಗೀಶ್ ಮೀಟರ್ ತಂದು, ಕೊಕ್ಕೆ ಹಿಡಿದು ಹಿಡಿದು ಗಟ್ಟಿಯಾದ ಮುತ್ತನ ಬೆರಳನ್ನು ಚುಚ್ಚಿದ. ರಕ್ತ ನಿಧಾನವಾಗಿ ಬಂತು. ಮೂವತ್ತೊಂದು. ಅಷ್ಟು ಕೆಳಗಿನ ಅಂಕಿಯನ್ನು ಆ ಪರದೆಯ ಮೇಲೆ ಅವನು ಕಂಡಿರಲಿಲ್ಲ. ಪಂಥ ಗೆದ್ದವನ ಬಾಯಿಯಿಂದ ಜೊಲ್ಲು ಚೀಲದ ಮೇಲೆ ಇಳಿಯುತ್ತಿತ್ತು.

ಕಿಟ್ಟ ಬಂದ. ಸಕ್ಕರೆಯ ಪೊಟ್ಟಣವನ್ನು ಯೋಗೀಶ್ ಹಲ್ಲಿನಿಂದ ಹರಿದ. ನುಂಗಲಾರದವನ ಗಂಟಲಿಗೆ ನೀರು ಹಾಕುವಂತಿಲ್ಲ. ಅಷ್ಟು ಅವನಿಗೆ ಗೊತ್ತಿತ್ತು. ಒದ್ದೆ ಬೆರಳಿಗೆ ಸಕ್ಕರೆ ಹಚ್ಚಿ ಮುತ್ತನ ಒಸಡಿಗೆ, ಕೆನ್ನೆಯ ಒಳಗೆ ಉಜ್ಜಿದ. ಮತ್ತೆ ಮತ್ತೆ ಉಜ್ಜಿದ. ಸಕ್ಕರೆ ಕರಗದೆ ತುಟಿಯ ಅಂಚಿನಲ್ಲಿ ಉಳಿಯಿತು. ಹೊರಗೆ ಕಿಟ್ಟ ಫೋನಿನಲ್ಲಿ ದಾರಿ ಹೇಳುತ್ತಿದ್ದ: ಹೆದ್ದಾರಿ ಬಿಟ್ಟು ಪಡುವಣಕ್ಕೆ, ಐಸ್ ಪ್ಲಾಂಟ್, ಹೌದು, ಐಸ್ ಪ್ಲಾಂಟ್. ಚಂದ್ರ ತೆಂಗಿನ ಮೇಲೆ ಬಂದು ಬಿಳಿಯಾಗಿದ್ದ.

ಆಂಬುಲೆನ್ಸಿನ ಸದ್ದು ದೂರದಲ್ಲಿ ಕೇಳತೊಡಗಿದಾಗ ಯೋಗೀಶ್ ಮುತ್ತನ ಇನ್ನೊಂದು ಬೆರಳನ್ನು ಆರಿಸಿಕೊಂಡ. ತನ್ನ ಕೈಯಿಂದ ಅದಕ್ಕೆ ಮೆತ್ತಿದ್ದ ಸಕ್ಕರೆಯನ್ನು ಅಂಗಿಗೆ ಒರೆಸಿ, ಹಂಡೆಯ ನೀರಿನಲ್ಲಿ ತೊಳೆದು, ಒಣಗಿಸಿ, ಚುಚ್ಚಿದ. ಪಟ್ಟಿ ರಕ್ತವನ್ನು ಹೀರಿತು. ಏರಲಿ, ಎಂದುಕೊಂಡ. ಎಷ್ಟಾದರೂ ಏರಲಿ.

ಪರದೆ ಐದರಿಂದ ಒಂದರವರೆಗೆ ಎಣಿಸಿತು. ಒಂದು ಡೆಸಿಲೀಟರ್ ರಕ್ತದಲ್ಲಿ 27 ಮಿಲಿಗ್ರಾಂ.