ಮೂಲೆಯ ಹಳದಿ ಕೈ

ಗೋಡೆಯ ಮೇಲಿನ ಆ ಹಳದಿ ಚುಕ್ಕೆ ಸುಣ್ಣ ಎದ್ದುಹೋದ ಜಾಗವಿರಬೇಕು, ಪ್ರೊಜೆಕ್ಟರ್ ಹಚ್ಚಿದೊಡನೆ ಈ ತರಬೇತಿ ಕಾಲೇಜಿನ ಗೋಡೆಗಳ ಮಾನ ಹರಾಜಾಗುತ್ತದೆ, ಆಗಲಿ, ನನ್ನ ಮಾನ ಉಳಿದರೆ ಸಾಕು, ಟೀಚರ್ ಅನ್ನಿಸಿಕೊಳ್ಳುವುದಕ್ಕೆ ಇದೊಂದೇ ಪರೀಕ್ಷೆ ಬಾಕಿ — ಹಿಂದೆ ಕುರ್ಚಿಯಲ್ಲಿ ಪರೀಕ್ಷಕರು, ಕನ್ನಡಕವನ್ನು ಹಣೆಗೇರಿಸಿ ನನ್ನ ಯೋಜನೆಯ ಹಾಳೆ ತಿರುವುತ್ತಿದ್ದಾರೆ, ಪಕ್ಕದಲ್ಲಿ ನನ್ನ ಗೈಡ್ ಮೇಡಂ, ಗೋಡೆಯ ಮೇಲೆ ಕಳೆದ ಶನಿವಾರ ನಾನು ಮನೆಯಲ್ಲಿ ಕೂತು ಏಳನೇ ತರಗತಿಗೆ ಮಾಡಿದ ಆನ್‌ಲೈನ್ ಪಾಠದ ರೆಕಾರ್ಡಿಂಗ್, ಮಕ್ಕಳೇ ಈಗ ಚಂದ್ರನನ್ನ ನೋಡಿ, ಅಯ್ಯೋ ಇದು ನನ್ನ ದನಿಯೇ, ಸಾಬೂನು ಮಾರುವವಳ ಹಾಗೆ ಎಷ್ಟೊಂದು ಸಿಹಿ, ಆದರೆ ಚಂದ್ರ ಚೆನ್ನಾಗಿ ತಿರುಗುತ್ತಿದ್ದಾನೆ, ಆ ತಿರುಗುವ ಚಿತ್ರ ಮಾಡಲು ಕಣ್ಣು ಕೆಂಪಾಗಿಸಿಕೊಂಡಿದ್ದೆ, ಪಾಠದ ನಡುವೆ ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಏನೇ ಇದು, ಇಷ್ಟು ಮಕ್ಕಳಲ್ಲಿ ಒಬ್ಬರೂ ಕೆಮ್ಮೋದೂ ಇಲ್ವಲ್ಲೇ ಅಂದಿದ್ದಳು, ಅದೇ ಅಮ್ಮಾ, ಶಿಸ್ತು ಅಂದರೆ, ಅಂತ ನಾನು ಬೀಗಿದ್ದೆ, ಎಲ್ಲರ ಮೈಕನ್ನೂ ನಾನೇ ಬಂದ್ ಮಾಡಿದ್ದೆ, ಬಂದ್ ಮಾಡಿದ ಮೇಲೆ ಯಾರು ತಾನೇ ಕೆಮ್ಮುತ್ತಾರೆ. ಪರೀಕ್ಷಕರು ತಲೆಯಾಡಿಸಿದರು, ಮೊದಲ ಪುಟಕ್ಕೇ ಬಂದಿರಬೇಕು, ಅಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ತೆರೆಯ ಮೇಲಿನ ತರಗತಿಯಲ್ಲಿ ಕೊನೆಯ ಬೆಂಚು ಇಲ್ಲ, ಎತ್ತಿದ ಪ್ರತಿ ಕೈಯೂ ಕಾಣುತ್ತದೆ, ಈ ಎರಡು ಸಾಲಿಗೋಸ್ಕರವೇ ನಾನು ಈ ಓದಿಗೆ ಸೇರಿದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು, ನಾನು ಓದಿದ ಶಾಲೆ, ಗಣಿತದ ಮೇಷ್ಟ್ರ ಕ್ಲಾಸು, ಗೂಟ ಹೊಡೆದ ಹಾಗೆ ನಾನು ಕೊನೆಯ ಬೆಂಚಿನ ಮೂಲೆಯಲ್ಲಿ, ಕೈ ಎತ್ತಿ ಎತ್ತಿ ತೋಳು ಸೋತು ಬಂದಾಗ ಇನ್ನೊಂದು ಕೈಯನ್ನು ಮೊಣಕೈಗೆ ಆನಿಸಿ ಹಿಡಿಯುತ್ತಿದ್ದೆ, ಕೊನೆಗೊಂದು ದಿನ ಮೇಷ್ಟ್ರು ನೋಡಿದರು, ನೋಡಿ, ಇಳಿಸೇ ಕೈನ, ಫ್ಯಾನು ಹಿಡ್ಕೊಂಡು ಜೋತಾಡ್ತೀಯಾ ಅಂದರು, ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು, ಆಮೇಲೆ ನಾನು ಕೈ ಎತ್ತಲೇ ಇಲ್ಲ, ಕಾಲೇಜು ಮುಗಿಯುವವರೆಗೂ ಎತ್ತಲಿಲ್ಲ, ಛೆ, ಈಗ ಯಾಕೆ ಅದೆಲ್ಲ, ಚಂದ್ರ ಅರ್ಧಕ್ಕೆ ಬಂದ, ಚುಕ್ಕೆ ಮಾತ್ರ ಇದ್ದಲ್ಲೇ ಇದೆ.

ಸುಣ್ಣವಲ್ಲ. ಸುಣ್ಣ ಎದ್ದ ಜಾಗಕ್ಕೆ ಬೆರಳುಗಳಿರುವುದಿಲ್ಲ — ಚಿತ್ರದ ಬಲಕ್ಕೆ ಮಕ್ಕಳ ಮುಖಗಳ ಪುಟ್ಟ ಪುಟ್ಟ ಚೌಕಗಳಿವೆ, ಕಟ್ಟಕಡೆಯ ಚೌಕದ ಮೂಲೆಯಲ್ಲಿ ಹಳದಿ ಕೈ, ಎತ್ತಿದ್ದು, ಶನಿವಾರ ನನಗೆ ಕಂಡಿರಲಿಲ್ಲ, ನನ್ನ ಲ್ಯಾಪ್‌ಟಾಪಿನ ತುಂಬ ಚಂದ್ರನೇ ಇದ್ದ, ಮುಖಗಳನ್ನೆಲ್ಲ ಅವನ ಹಿಂದೆ ಮುಚ್ಚಿಟ್ಟು ಪಾಠ ಮಾಡಿದ್ದೆ, ರೆಕಾರ್ಡಿಂಗಿಗೆ ಮಾತ್ರ ಎಲ್ಲ ಸಿಕ್ಕಿದೆ, ಯಾರ ಚೌಕ ಅದು, ಬಟ್ಟೆಯ ರಾಶಿ, ಹೊಲಿಗೆ ಯಂತ್ರದ ಚಕ್ರ, ದೇವರೇ, ಗುಬ್ಬಿ. ಟೈಲರಮ್ಮನ ಮಗಳು, ಇಷ್ಟೇ ಇಷ್ಟು ದನಿಯವಳು ಅಂತ ಕ್ಲಾಸಿನವರೆಲ್ಲ ಇಟ್ಟ ಹೆಸರು, ಮೂರು ವಾರ ಅವಳ ಶಾಲೆಯಲ್ಲಿ ಪಾಠ ಮಾಡಿದೆ, ಕ್ಲಾಸಿನಲ್ಲಿ ಒಮ್ಮೆಯೂ ಬಾಯಿ ಬಿಟ್ಟವಳಲ್ಲ, ಶುಕ್ರವಾರ ನಾನೇ ಅವಳನ್ನು ಪಕ್ಕಕ್ಕೆ ಕರೆದು, ಅವಳ ಬೆರಳು ಹಿಡಿದು ಫೋನಿನ ಮೇಲೆ ತೋರಿಸಿದ್ದೆ, ನೋಡು ಪುಟ್ಟಿ, ಇದನ್ನ ಒತ್ತಿದ್ರೆ ಸಾಕು, ಕೈ ಎತ್ತಿದ ಹಾಗೆ, ಇಲ್ಲಿ ಯಾರೂ ನಗಲ್ಲ, ನಾನು ಕರೀತೀನಿ, ನಿಜವಾಗ್ಲೂನಾ ಮಿಸ್, ನಿಜವಾಗ್ಲೂ ಕಣೇ. ನಿಜವಾಗ್ಲೂ ಅಂದೆನಲ್ಲ. ಸೋಮವಾರ ನನ್ನ ಕೊನೆಯ ದಿನ, ಮಕ್ಕಳೆಲ್ಲ ಬಂದು ಮುತ್ತಿಕೊಂಡರು, ಅವಳು ಮಾತ್ರ ಡೆಸ್ಕಿನ ಮೇಲೆ ಉಗುರಿನಿಂದ ಗೀರುತ್ತಾ ಕೂತಿದ್ದಳು, ನಾಚಿಕೆಯ ಹುಡುಗಿ ಅಂದುಕೊಂಡು ಕೆನ್ನೆ ತಟ್ಟಿ ಬಂದೆ, ನಾಚಿಕೆಯಂತೆ, ನನ್ನ ತಲೆ, ಬುದ್ಧಿಗೇಡಿ ನಾನು, ಆ ಮೇಷ್ಟ್ರಾದರೂ ಕೊನೆಗೆ ನೋಡಿ ಬೈದರು.

ಇಳಿಸೇ ಗುಬ್ಬಿ, ಸಾಕು, ತೋಳು ನೋಯುವುದಿಲ್ಲವಾ, ಅಯ್ಯೋ ಈ ಕೈ ನೋಯುವುದೂ ಇಲ್ಲ, ಅದಕ್ಕೇ ಇಳಿಯುವುದಿಲ್ಲ, ಗೈಡ್ ಮೇಡಂ ನನ್ನತ್ತ ನೋಡಿ ಕಣ್ಣಲ್ಲೇ ಶಹಬ್ಬಾಸ್ ಅಂದರು, ಅವರಿಗೂ ಚಂದ್ರನೇ ಕಾಣುತ್ತಿದ್ದಾನೆ, ಮುಂದಕ್ಕೆ ಓಡಿಸಿಬಿಡಲೇ, ಮೌಸ್ ನನ್ನ ಕೈಯಲ್ಲೇ ಇದೆ, ಯಾರಿಗೂ ತಿಳಿಯುವುದಿಲ್ಲ, ಪಾಸಾಗುತ್ತೇನೆ, ನಾಳೆಯಿಂದ ಇನ್ನೊಂದು ಶಾಲೆ, ಹೊಸ ಮಕ್ಕಳು, ಹೊಸ ಚೌಕಗಳು, ಓಡಿಸಲಿಲ್ಲ, ಗೋಡೆಯ ಮೇಲಿನ ನಾನು ಹಲ್ಲು ಬಿಟ್ಟು ಕೇಳುತ್ತಿದ್ದಾಳೆ, ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ, ಹಾಳಾದವಳೇ, ಮಕ್ಕಳ ಮೈಕು ಆನ್ ಮಾಡೇ, ಚಂದ್ರನನ್ನ ಪಕ್ಕಕ್ಕೆ ಸರಿಸೇ, ಎಷ್ಟು ಕೂಗಿಕೊಂಡರೂ ಅವಳಿಗೆ ನನ್ನ ಮಾತು ಕೇಳುವುದಿಲ್ಲ, ಯಾರಿಗೂ ಇಲ್ಲ ಅಲ್ವಾ, ವೆರಿ ಗುಡ್, ಬೈ ಮಕ್ಕಳೇ. ಚೌಕಗಳು ಒಂದೊಂದಾಗಿ ಹೋದವು, ಎಲ್ಲರೂ ಹೋದರು, ಒಂದೇ ಚೌಕ ಉಳಿಯಿತು, ಮಗು ಫೋನಿನ ಹತ್ತಿರ ಮುಖ ತಂದು ಕಾಯುತ್ತಿದೆ, ಈಗಲಾದರೂ ಕರೆಯುತ್ತಾರೆ ಅಂತ ಕಾಯುತ್ತಿದೆ.

ಸಾಕು, ಅಲ್ಲಿಗೆ ನಿಲ್ಸಮ್ಮ, ಪರೀಕ್ಷಕರ ದನಿ, ನಾನು ಒತ್ತಿದೆ, ಚಿತ್ರ ನಿಂತಿತು, ತುಂಬ ಚೆನ್ನಾಗಿದೆ, ಮಕ್ಕಳು ಎಷ್ಟು ಶಾಂತವಾಗಿ ಕೂತಿದಾರೆ ಅಲ್ವಾ ಮೇಡಂ, ನಿಮ್ಮ ಯೋಜನೆ ಬಗ್ಗೆ ನೀವೇನಾದ್ರೂ ಹೇಳೋದಿದೆಯಾ, ಇಲ್ಲ ಅಂದರೆ ಮುಗಿಯಿತು, ಇಲ್ಲ ಅನ್ನು, ನಕ್ಕುಬಿಡು, ಅಮ್ಮ ಫೋನು ಹಿಡಿದು ಕಾಯುತ್ತಿರುತ್ತಾಳೆ — ಇದೆ ಸಾರ್, ಅಂದೆ. ಆ ಹುಡುಗಿಗೇನೋ ಕೇಳೋದಿತ್ತು ಸಾರ್. ಕನ್ನಡಕ ಹಣೆಯಿಂದ ಕಣ್ಣಿಗಿಳಿಯಿತು, ಇಬ್ಬರೂ ಗೋಡೆಯ ಕಡೆ ತಿರುಗಿದರು. ಹೌದಾ, ಏನು ಕೇಳೋದಿತ್ತಮ್ಮ? ಏನು, ಏನು ಕೇಳೋದಿತ್ತು, ಚಂದ್ರನ ಬಗ್ಗೆಯೋ, ಬೇರೆ ಏನೋ, ಏನು ಗುಬ್ಬಿ, ನನಗೆ ಗೊತ್ತಿಲ್ಲ, ಗೊತ್ತಿಲ್ಲ ಸಾರ್, ಮೂಲೆಯಲ್ಲಿ ಹಳದಿ ಕೈ, ಐದೂ ಬೆರಳು ಬಿಡಿಸಿದ್ದು, ಇಳಿಯದ್ದು, ಹಳದಿ ಕೈ