ಅಪ್ಪ ಕೊಟ್ಟು ಬಂದ ಆಮಂತ್ರಣ

ಶಾಲು ಹೆಗಲಿಂದ ಜಾರುತ್ತಿದೆ, ಅದರ ಜರಿ ಚುಚ್ಚುತ್ತಿದೆ, ಇಂದು ನಗುತ್ತಿದ್ದಾಳೆ, ನಗಲೇಬೇಕಲ್ಲ, ಈ ಕಡೆ ನೋಡಿ ಮೇಡಂ ಎನ್ನುತ್ತಾನೆ ಫೋಟೋದವನು, ಹಳೇಬೀಡಿನ ಸಮುದಾಯ ಭವನದ ತುಂಬ ಚಪ್ಪಾಳೆ, ಸಂಘದ ವಿದ್ಯಾರ್ಥಿವೇತನ ಈ ಸಲ ನಮ್ಮ ಬಸ್ತಿಹಳ್ಳಿ ಸಿದ್ಧಾರ್ಥನ ಮಗಳು ಇಂದುಗೆ ಎಂದು ಅಧ್ಯಕ್ಷ ಗಂಗಾಧರಪ್ಪ ಮೈಕಿನಲ್ಲಿ ಕೂಗುತ್ತಿದ್ದಾರೆ — ಯಾರಿಗೆ ಬಂತು, ಎಲ್ಲಿಗೆ ಬಂತು, ನಿನ್ನೆ ಸಂಜೆ ಅರಸೀಕೆರೆಯ ಕಾಲೇಜಿನ ಆಫೀಸಿನಲ್ಲಿ ಲತಾಮಣಿ ಮೇಡಂ ಕನ್ನಡಕ ತೆಗೆದಿಟ್ಟು ಹೇಳಿದ್ದರು, ಹೊರಗಿಂದ ಎಷ್ಟು ಬರುತ್ತೋ ಅಷ್ಟನ್ನ ನಾವು ಕೊಡೋ ಫೀಸ್ ರಿಯಾಯಿತಿಲಿ ಕಡಿತ ಮಾಡ್ತಾರೆ ಕಣಮ್ಮ, ಇಲ್ಲಿ ರೂಲ್ಸೇ ಹಂಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಫೀಸಿಗೆ ರಿಯಾಯಿತಿ ಇದೆ, ಸಂಘದ ದುಡ್ಡು ಹಾಸ್ಟೆಲ್ಲಿಗಾಯಿತು ಎಂದುಕೊಂಡಿದ್ದಳು, ಇನ್ನೆಲ್ಲಿಯ ಹಾಸ್ಟೆಲ್ಲು, ಮತ್ತೆ ಕತ್ತಲಲ್ಲೇ ಎದ್ದು ಮೊದಲ ಬಸ್ಸು, ಜಾವಗಲ್ ದಾಟುವವರೆಗೂ ಕಂಬಿಗೆ ಜೋತು ನಿಲ್ಲುವುದು, ಲ್ಯಾಬಿಗೆ ತಡ, ಹಾಜರಾತಿ ಈ ಸಲವೂ ಸಾಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ ಎಂದಿದ್ದಾರೆ. ಸಂಘದ ದುಡ್ಡಿನ ವಿಷಯ ನಿಮಗೆ ಹೇಗೆ ಗೊತ್ತಾಯ್ತು ಮೇಡಂ — ಕೇಳಬಾರದಿತ್ತು, ಕೇಳಿದಳು — ನಿಮ್ಮಪ್ಪನೇ ಬಂದಿದ್ರಲ್ಲಮ್ಮ, ಬಾಳೆಹಣ್ಣು, ಇನ್ವಿಟೇಶನ್ನು ಎಲ್ಲ ಕೊಟ್ಟು ಪ್ರಿನ್ಸಿಪಾಲರನ್ನ ಕರೆದು ಹೋದ್ರು. ಹೌದು, ಅಪ್ಪ, ಇಸ್ತ್ರಿ ಅಂಗಿ ಹಾಕಿಕೊಂಡು, ಕರೀದೆ ಇದ್ರೆ ಹೆಂಗವ್ವಾ, ದೊಡ್ಡೋರು ಬಂದು ಕುಂತ್ರೆ ತಾನೆ ಸಭೆಗೊಂದು ಕಳೆ, ಅಂದು ಉಣ್ಣುವಾಗ ಹಾಗೆಂದಿದ್ದ, ಅವಳಿಗೂ ಹೊಳೆಯಲಿಲ್ಲ, ನಕ್ಕಿದ್ದಳು, ಅಯ್ಯೋ ದಡ್ಡಿ.

ಪ್ರಿನ್ಸಿಪಾಲರು ಪಕ್ಕದ ಕುರ್ಚಿಯಲ್ಲೇ ಕೂತಿದ್ದಾರೆ, ಎಳನೀರು ಕುಡಿಯುತ್ತಿದ್ದಾರೆ. ನನಗೆ ಬೇಡ, ಗಂಡಸಿ ಊರಿನ ಮೇಘಶ್ರೀಗೆ ಕೊಡಿ ಎನ್ನಲೇ, ಸಂಘದ ಪಟ್ಟಿಯಲ್ಲಿ ಎರಡನೆಯ ಹೆಸರು ಅವಳದು, ಅವಳ ಕಾಲೇಜಿನಲ್ಲಿ ಯಾವ ರಿಯಾಯಿತಿಯೂ ಇಲ್ಲ, ಅವಳಿಗಾದರೂ ದಕ್ಕೀತು — ಯಾಕವ್ವಾ ಎಂದು ಅಪ್ಪ ಕೇಳಿದರೆ? ನೀನೇ ಅಪ್ಪ, ನೀನೇ ಕಾರ್ಡ್ ಕೊಟ್ಟು ಬಂದು ಕಳೆದೆ ಎನ್ನಬೇಕೆ? ಎರಡು ಮಾತಾಡಮ್ಮ ಎಂದು ಗಂಗಾಧರಪ್ಪ ಮೈಕು ಕೈಗಿಡುತ್ತಾರೆ, ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು, ನನಗೆ, ಎಂದಳು, ನನಗೆ ಈ ಹಣ — ಅಷ್ಟರಲ್ಲಿ ಅವರೇ ಬಾಯಿ ಹಾಕಿ, ತಡಿಯಮ್ಮ, ತಂದೆನೂ ಬರ್ಲಿ, ಪ್ರಿನ್ಸಿಪಾಲರ ಕೈಲೇ ಹಾರ ಹಾಕಿಸಾಣ, ಅಪ್ಪ ಚಪ್ಪಲಿ ಕೆಳಗೇ ಬಿಟ್ಟು ಹತ್ತಿ ಬರುತ್ತಿದ್ದಾನೆ, ಬೇಡಪ್ಪ, ಇವರ ಮುಂದೆ ಬೇಡ, ಬಗ್ಗುತ್ತಿದ್ದಾನೆ, ನಿನ್ನೆ ಕ್ಷೌರ ಮಾಡಿಸಿದ ಕತ್ತಿನ ಹಿಂದೆ ಒಂದು ತಿಳಿ ಗೆರೆ, ಹಾರ ಬಿತ್ತು, ಚಪ್ಪಾಳೆ, ಅಪ್ಪ ಇನ್ನೂ ತಲೆ ಎತ್ತಿಲ್ಲ, ಎತ್ತಪ್ಪ, ಆ ತಿಳಿ ಗೆರೆ, ಬಗ್ಗಿದ ಕತ್ತು, ಎತ್ತಪ್ಪ, ಬಗ್ಗಿದ ಕತ್ತು, ಬಗ್ಗಿದ ಕತ್ತು —